ಗಣೇಶಗುಡಿಯಲ್ಲಿ ಕಾಳಿ ರಾಫ್ಟಿಂಗ್ ಮತ್ತು ಒಂದು ರಾತ್ರಿ ಟೆಂಟ್: ಮಕ್ಕಳ ಜೊತೆ ಹೋಗುವವರು ನೋಡಬೇಕಾದದ್ದು

ಹೈಸ್ಕೂಲು ಮುಟ್ಟಿದ ಮಕ್ಕಳಿರುವ ಕುಟುಂಬಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕರ್ನಾಟಕದಲ್ಲಿ ಉತ್ತರ ಕನ್ನಡದ ಕಾಳಿ ನದಿ ದಂಡೆಯ ಗಣೇಶಗುಡಿಗಿಂತ ಒಳ್ಳೆಯ ರಾಫ್ಟಿಂಗ್ ಜಾಗ ಸಿಗುವುದಿಲ್ಲ. ಕೊಡಗಿನ ಬರಪೊಳೆ ಮಳೆಗಾಲದ ಹೊಳೆ. ಅಲ್ಲಿನ ರಭಸ ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ, ಹೇಳಿದ್ದಲ್ಲ. ಕಾಳಿಯಲ್ಲಿ ಬೇಸಿಗೆಯಲ್ಲೂ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ) ಇಳಿಸಬಹುದು. ಅದಕ್ಕೆ ಕಾರಣ ಮೇಲಿರುವ ಸೂಪಾ ಅಣೆಕಟ್ಟು. ಪ್ಯಾಕೇಜಿನ ಗುಣ ಅಳೆಯಬೇಕಾದದ್ದೂ ಅಲ್ಲಿಂದಲೇ.

ಸೂಪಾದ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳಿವೆ. ಅವು ಓಡಿದಾಗ ಹೊರಬರುವ ನೀರೇ ರಾಫ್ಟಿಂಗ್‌ನ ಹೊಳೆ. ಎರಡೂ ಓಡಿದರೆ ಬಂಡೆಗಳು ಮುಳುಗಿ ಅಲೆ ಏಳುತ್ತದೆ. ಒಂದೇ ಓಡಿದರೆ ಅಲ್ಲಲ್ಲಿ ರಾಫ್ಟ್ ಕಲ್ಲಿಗೆ ಉಜ್ಜುತ್ತದೆ. ಎರಡೂ ನಿಂತರೆ ರಾಫ್ಟಿಂಗ್ ಇಲ್ಲ. ಘಟಕ ಯಾವಾಗ ಓಡಬೇಕೆಂದು ತೀರ್ಮಾನಿಸುವವರು ವಿದ್ಯುತ್ ನಿಗಮದವರು, ರೆಸಾರ್ಟ್‌ನವರಲ್ಲ. ಹಾಗಾಗಿ ‘ಬೆಳಿಗ್ಗೆ 9ಕ್ಕೆ ರಾಫ್ಟಿಂಗ್ ಗ್ಯಾರಂಟಿ’ ಎಂದು ವಾರ ಮೊದಲೇ ಮಾತು ಕೊಡುವವರನ್ನು ನಂಬಬೇಡಿ. ಅನುಭವಿ ತಂಡದವರು ‘ನೀರು ಬಿಟ್ಟ ಮೇಲೆ ಹೇಳುತ್ತೇವೆ, ಬಿಡದಿದ್ದರೆ ಇಷ್ಟು ಹಣ ವಾಪಸ್’ ಎನ್ನುತ್ತಾರೆ. ಆ ಮಾತನ್ನು ಮುಂಗಡ ಕೊಡುವ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಇಲ್ಲಿ ರಾಫ್ಟಿಂಗ್ ಹೆಸರಿನಲ್ಲಿ ಎರಡು ಬೇರೆ ಬೇರೆ ಸೇವೆಗಳು ಮಾರಾಟವಾಗುತ್ತವೆ. ಒಂದು ಉದ್ದನೆಯ ಓಟ: 9ರಿಂದ 12 ಕಿ.ಮೀ., ಎರಡು ಮೂರು ತಾಸು, ರಭಸ ಅಳೆಯುವ ಆರು ದರ್ಜೆಗಳಲ್ಲಿ 2 ಮತ್ತು 3ರದ್ದು. ಇನ್ನೊಂದು ‘ಶಾರ್ಟ್’ ಅಥವಾ ‘ಮಿನಿ’: ಒಂದೆರಡು ಕಿ.ಮೀ., ಒಂದೋ ಎರಡೋ ಸಣ್ಣ ಜಿಗಿತ, ಉಳಿದಂತೆ ನಿಂತ ನೀರಲ್ಲಿ ಹುಟ್ಟು ಹಾಕುವುದು. ಎಂಟು ಹತ್ತು ವರ್ಷದ ಮಕ್ಕಳಿಗೆ ಎರಡನೆಯದೇ ಸರಿ, ಅದರಲ್ಲಿ ಕೊರತೆಯೇನಿಲ್ಲ. ಆದರೆ ಕಯಾಕ್ (ಒಬ್ಬಿಬ್ಬರ ಕಿರುದೋಣಿ), ಜೋರ್ಬಿಂಗ್ (ದೊಡ್ಡ ಗಾಳಿಚೆಂಡಿನೊಳಗೆ ಉರುಳುವ ಆಟ), ಜಕೂಜಿ (ಹರಿವ ನೀರಲ್ಲಿ ಕೂರುವುದು) ಎಲ್ಲ ಸೇರಿಸಿದ ಪ್ಯಾಕೇಜಿನಲ್ಲಿ ಬರೀ ‘ರಾಫ್ಟಿಂಗ್’ ಎಂದಿದ್ದರೆ ಅದು ಬಹುಮಟ್ಟಿಗೆ ಮಿನಿಯೇ. ಎಷ್ಟು ಕಿ.ಮೀ., ಎಲ್ಲಿಂದ ಎಲ್ಲಿಗೆ ಎಂದು ಕೇಳಿ. ‘ದಾಂಡೇಲಿ ರೆಸಾರ್ಟ್’ ಎಂದು ಬುಕ್ ಮಾಡಿದವರು ಉದ್ದನೆಯ ರಾಫ್ಟಿಂಗ್‌ಗಾಗಿ 20 ಕಿ.ಮೀ.ಗೂ ಹೆಚ್ಚು ಕಾಡುದಾರಿ ಸುತ್ತಿ ಗಣೇಶಗುಡಿಗೇ ಬರಬೇಕು. ಆ ಜೀಪಿನ ಬಾಡಿಗೆ ಯಾರದ್ದೆಂದೂ ಮೊದಲೇ ತಿಳಿದಿರಲಿ.

ದಂಡೆಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಲೈಫ್ ಜಾಕೆಟ್. ಬಕಲ್ ಎಲ್ಲ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಜಗ್ಗಿ. ಗದ್ದ ದಾಟಿ ಕಿವಿಯ ತನಕ ಬಂದರೆ ಅದು ಆ ಮೈಗೆ ದೊಡ್ಡದು. ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮುಖ ಮುಚ್ಚುತ್ತದೆ, ತೆಳ್ಳಗಿನ ಮಕ್ಕಳಾದರೆ ಪೂರ್ತಿ ಕಳಚಿಯೂ ಹೋಗಬಹುದು. ಒಳಗಿನ ಫೋಮನ್ನು ಹೆಬ್ಬೆರಳಿಂದ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಹಳತಾಗಿ ತೇಲಿಸುವ ಶಕ್ತಿ ಕಳೆದುಕೊಂಡಿದೆ ಎಂದರ್ಥ. ಬೇರೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಹೆಲ್ಮೆಟ್ ಹಣೆ ಮುಚ್ಚುವಂತಿರಬೇಕು, ಗದ್ದದ ಪಟ್ಟಿಯಲ್ಲಿ ಒಂದು ಬೆರಳಿಗಿಂತ ಹೆಚ್ಚು ಜಾಗ ಇರಬಾರದು.

ಆಮೇಲೆ ಲೆಕ್ಕ ಹಾಕಿ. 14 ಅಡಿ ರಾಫ್ಟಿಗೆ ಆರರಿಂದ ಎಂಟು ಜನ, ಮೇಲೊಬ್ಬ ಗೈಡ್, ಅಷ್ಟೇ. ಶನಿವಾರ, ಭಾನುವಾರ ಹತ್ತು ಹನ್ನೆರಡು ಜನರನ್ನು ತುಂಬುವುದು ಕಂಡರೆ ಹತ್ತಬೇಡಿ. ಭಾರ ಹೆಚ್ಚಾದ ರಾಫ್ಟ್ ತಿರುಗುವುದಿಲ್ಲ, ಅಡ್ಡಡ್ಡ ಹೋಗಿ ಬಂಡೆಗೆ ಆತುಕೊಳ್ಳುತ್ತದೆ, ಮೇಲಿನಿಂದ ಬರುವ ನೀರು ಅದನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಒಂಟಿ ರಾಫ್ಟ್ ಕೂಡ ಬೇಡ. ಎರಡನೇ ರಾಫ್ಟೋ ರಕ್ಷಣೆಯ ಕಯಾಕೋ ಜೊತೆಗಿರಬೇಕು, ಗೈಡ್ ಬಳಿ ಎಸೆಯುವ ಹಗ್ಗದ ಚೀಲ ಕಾಣಿಸಬೇಕು.

ಒಳ್ಳೆಯ ತಂಡ, ಕೆಟ್ಟ ತಂಡ ಎಂಬ ಭೇದ ಅತಿ ಸ್ಪಷ್ಟವಾಗಿ ಕಾಣುವುದು ದಂಡೆಯ ಮೇಲಿನ ಪಾಠದಲ್ಲಿ. ಐದು ನಿಮಿಷದಲ್ಲಿ ‘ಫಾರ್ವರ್ಡ್, ಬ್ಯಾಕ್, ಸ್ಟಾಪ್’ ಹೇಳಿ ಹೊರಡಿಸುವವರಿದ್ದಾರೆ. ಸರಿಯಾದವರು ಮಕ್ಕಳಿಂದಲೂ ಮಾಡಿಸಿ ನೋಡುತ್ತಾರೆ: ಕೂರುವುದು ಅಂಚಿನ ಟ್ಯೂಬಿನ ಮೇಲೆ, ಪಾದ ಅಡ್ಡ ಟ್ಯೂಬಿನ ಕೆಳಗೆ, ಆದರೆ ಕಣಕಾಲಿನ ತನಕ ಸಿಕ್ಕಿಸಬಾರದು, ಒಂದು ಕೈ ಸದಾ ಹುಟ್ಟಿನ ಟಿ ಆಕಾರದ ಹಿಡಿಯ ಮೇಲೆ. ಆ ಹಿಡಿ ಬಿಟ್ಟರೆ ಪಕ್ಕದವರ ಹಲ್ಲಿಗೆ ಬಡಿಯುತ್ತದೆ, ಇಲ್ಲಿ ಆಗುವ ಗಾಯಗಳಲ್ಲಿ ಇದು ತೀರಾ ಮಾಮೂಲು. ರಭಸ ಬಂದಾಗ ಹೆದರಿ ಹುಟ್ಟು ಹಾಕುವುದನ್ನು ನಿಲ್ಲಿಸುವುದು ಎರಡನೇ ತಪ್ಪು. ರಾಫ್ಟಿಗೆ ನೀರಿಗಿಂತ ಹೆಚ್ಚಿನ ವೇಗ ಇದ್ದರೆ ಗೈಡ್ ಅದನ್ನು ಸುಲಭವಾಗಿ ತಿರುಗಿಸಬಲ್ಲ. ಬಂಡೆಗೆ ತಾಗಿದಾಗ ‘ಹೈ ಸೈಡ್’ ಎಂದು ಕೂಗಿದರೆ ಎಲ್ಲರೂ ಬಂಡೆಯ ಕಡೆಗೇ ಹಾರಬೇಕು. ಮನಸ್ಸು ಹೇಳುವುದು ಇದಕ್ಕೆ ಉಲ್ಟಾ, ಆದ್ದರಿಂದ ದಂಡೆಯಲ್ಲೇ ಅಭ್ಯಾಸ ಆಗಬೇಕು.

ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ ಚಾಚಿ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣುವಂತಿರಲಿ. ಮೊಣಕಾಲುದ್ದ ನೀರೇ ಇದ್ದರೂ ಹರಿವಿನಲ್ಲಿ ಎದ್ದು ನಿಲ್ಲಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಕೆಡವುತ್ತದೆ. ಈ ಭಾಗದಲ್ಲಿ ಕಾಳಿ ಕವಲೊಡೆದು ನಡುಗಡ್ಡೆಗಳ ನಡುವೆ ಹರಿಯುತ್ತದೆ, ಕೊಂಬೆಗಳು ನೀರಿಗೇ ಬಾಗಿರುತ್ತವೆ. ಕೊಂಬೆಯ ರಾಶಿಯೊಳಗಿಂದ ನೀರು ನುಸುಳಿ ಹೋಗುತ್ತದೆ, ಮನುಷ್ಯ ಹೋಗಲಾರ. ಅಂಥ ಕಡೆಯಿಂದ ದೂರಕ್ಕೆ ಈಜಬೇಕು ಎಂದು ಗೈಡ್ ಹೇಳಲಿಲ್ಲವೆಂದರೆ ನೀವೇ ಕೇಳಿ.

ಬಟ್ಟೆಯ ವಿಷಯ: ಜೀನ್ಸ್, ಸೀರೆ, ದುಪಟ್ಟಾ ಬೇಡ. ಆಟದ ಪಾಲಿಯೆಸ್ಟರ್ ಬಟ್ಟೆ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆ ಶೂ ಸಾಕು. ತಾಳಿ ಸರ, ಬಳೆ ಬಕಲಿಗೆ ಸಿಕ್ಕಿಕೊಳ್ಳುತ್ತವೆ, ತೆಗೆದಿಡಿ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿ. ಅಣೆಕಟ್ಟಿನಿಂದ ಬರುವ ನೀರು ಚಳಿಗಾಲದಲ್ಲಿ ಕೊರೆಯುವಷ್ಟು ತಣ್ಣಗಿರುತ್ತದೆ. ಮಗುವಿನ ತುಟಿ ನೀಲಿಯಾಗಿ ನಡುಕ ನಿಲ್ಲದಿದ್ದರೆ ಆಟ ಅಲ್ಲಿಗೆ ಮುಗಿಯಿತು, ಒದ್ದೆ ಬಟ್ಟೆ ಬದಲಿಸಿ.

ಟೆಂಟಿನ ರಾತ್ರಿ ಚೆನ್ನಾಗಿರುತ್ತದೆ, ಜಾಗ ಸರಿಯಿದ್ದರೆ. ನೀರಂಚಿನಲ್ಲೇ ಟೆಂಟ್ ಹಾಕಿದ ಫೋಟೊ ನೋಡಿ ಮರುಳಾಗಬೇಡಿ. ಮೇಲೆ ನೀರು ಬಿಟ್ಟಾಗ ಮಟ್ಟ ಬೇಗ ಏರುತ್ತದೆ. ಒಣಗಿದ ಬಂಡೆಯ ಮೇಲೆ ಮಕ್ಕಳನ್ನು ಆಡಲು ಬಿಡುವುದೂ ಅಷ್ಟೇ ಅಪಾಯ. ದಂಡೆಯಿಂದ ಎತ್ತರದಲ್ಲಿ, ಒಣ ಕೊಂಬೆ ಮತ್ತು ಬಿದಿರು ಮೆಳೆಯಿಂದ ದೂರ ಇರುವ ಕ್ಯಾಂಪನ್ನೇ ಆರಿಸಿ. ಡಿಸೆಂಬರ್‌ನಲ್ಲಿ ಇಬ್ಬನಿ ಜೋರು. ಮೇಲ್ಹೊದಿಕೆ ಹಾಕಿಯೂ ಒಳಗೆ ಹನಿಯುತ್ತದೆಂದು ಹಲವರು ದೂರುತ್ತಾರೆ. ಅದು ಉಸಿರಿನ ತೇವ. ಎಲ್ಲ ಜಿಪ್ಪೂ ಮುಚ್ಚದೆ ಜಾಲರಿ ಕಿಂಡಿ ತೆರೆದಿಟ್ಟು ಒಂದು ಹೊದಿಕೆ ಹೆಚ್ಚು ಕೇಳಿ ಪಡೆಯಿರಿ.

ಮಳೆ ಬಿಟ್ಟ ಹೊಸತರಲ್ಲಿ ಉಂಬಳ (ಜಿಗಣೆ), ಚಳಿಗಾಲದಿಂದ ಮುಂದೆ ರಕ್ತ ಹೀರುವ ಉಣ್ಣೆ ಹುಳ (ಉಣುಗು). ಉತ್ತರ ಕನ್ನಡದಲ್ಲಿ ಮಂಗನ ಕಾಯಿಲೆ ವರದಿಯಾಗುವುದು ಡಿಸೆಂಬರ್‌ನಿಂದ ಮೇ ತನಕ, ಅದನ್ನು ಹರಡುವುದು ಈ ಉಣ್ಣೆಗಳೇ. ತರಗೆಲೆಯ ಮೇಲೆ ಬರಿಮೈಯಲ್ಲಿ ಕೂರಬೇಡಿ, ಪ್ಯಾಂಟು ಸಾಕ್ಸಿನೊಳಗೆ ತೂರಿಸಿ, ರಾತ್ರಿ ಮಕ್ಕಳ ಕಂಕುಳು, ತೊಡೆಸಂದಿ, ಕಿವಿ ಹಿಂದೆ ನೋಡಿ. ಹೋಗಿಬಂದ ವಾರ ಹತ್ತು ದಿನದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ಹೇಳಿ.

ಕ್ಯಾಂಪ್‌ಫೈರ್ ಪಕ್ಕ ಸ್ಪೀಕರ್ ಹಾಕಿ ಕುಣಿಸುವ ಕ್ಯಾಂಪುಗಳಿಗೆ ನಮ್ಮ ಶಿಫಾರಸು ಇಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇದೆ. ಮಂಗಟ್ಟೆ ಹಕ್ಕಿ ನೋಡಬೇಕೆಂದು ಬಂದ ಮಕ್ಕಳಿಗೂ, ಆ ಹಕ್ಕಿಗಳಿಗೂ ಅದು ಅನ್ಯಾಯ. ಗಣೇಶಗುಡಿಯಲ್ಲೇ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ತಂಗುದಾಣ ಇದೆ, ಹಕ್ಕಿ ನೋಡುವವರ ಅಚ್ಚುಮೆಚ್ಚಿನ ಜಾಗ. ಟೆಂಟ್ ಒಲ್ಲದ ಅಜ್ಜ ಅಜ್ಜಿ ಜೊತೆಗಿದ್ದರೆ ಅಲ್ಲಿ ಉಳಿದು ರಾಫ್ಟಿಂಗ್ ಮಾತ್ರ ಬೇರೆಯಾಗಿ ಮಾಡಬಹುದು. ಮತ್ತೆ, ಇಲ್ಲಿ ನೀರಿಗಿಳಿದ ಧೈರ್ಯದಲ್ಲಿ ದಾಂಡೇಲಿ ಊರಿನ ಬಳಿ ಹೊಳೆಗೆ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ.