ಕಾರ್ಲ್ ರಾನರ್ ಓದಬೇಕು ಅಂತಿದ್ದರೆ ಈ ಸಣ್ಣ ಪುಸ್ತಕದಿಂದ ಶುರು ಮಾಡಿ

ಕಾರ್ಲ್ ರಾನರ್ ಹೆಸರು ಕೇಳಿದರೆ ದೇವಶಾಸ್ತ್ರ ಓದಿದವರೂ ಸ್ವಲ್ಪ ಹಿಂಜರಿಯುತ್ತಾರೆ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಸಂಘಕ್ಕೆ ಸೇರಿದ ಈ ಜರ್ಮನ್ ಪಾದ್ರಿ, ದೇವಶಾಸ್ತ್ರಜ್ಞನ ಲೇಖನ ಸಂಗ್ರಹವೇ ಜರ್ಮನ್‌ನಲ್ಲಿ 16 ಸಂಪುಟ, ಇಂಗ್ಲಿಷಿನಲ್ಲಿ 23. ವಾಕ್ಯಗಳೂ ಅಷ್ಟೇ ಉದ್ದ. ಸುಮ್ನೆ ಅಲ್ಲಿಂದ ಶುರು ಮಾಡಿ ಅರ್ಧಕ್ಕೇ ಬಿಡಬೇಡಿ. ಮೊದಲು ‘ಎನ್‌ಕೌಂಟರ್ಸ್ ವಿತ್ ಸೈಲೆನ್ಸ್’ ಓದಿ. ನೂರು ಪುಟದೊಳಗಿನ ಪುಸ್ತಕ, ಹತ್ತು ಅಧ್ಯಾಯ. ಹತ್ತೂ ದೇವರ ಜೊತೆ ನೇರವಾಗಿ ಆಡಿದ ಮಾತು. ವಚನ ಓದಿ ಬೆಳೆದವರಿಗೆ ಈ ಧಾಟಿ ತಟ್ಟನೆ ಹಿಡಿಸುತ್ತದೆ.

ಜರ್ಮನ್ ಮೂಲ ಬಂದದ್ದು 1938ರಲ್ಲಿ. ರಾನರ್‌ಗೆ ಆಗ ಇನ್ನೂ 35 ಕೂಡ ಆಗಿರಲಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹಿಂದಿನ ವರ್ಷವಷ್ಟೇ ಪಾಠ ಹೇಳಲು ಶುರು ಮಾಡಿದ್ದರು. ಅದಕ್ಕೂ ಮುಂಚೆ ಹುಟ್ಟೂರು ಫ್ರೈಬರ್ಗ್‌ನಲ್ಲಿ ತತ್ವಜ್ಞಾನಿ ಹೈಡೆಗರ್ ಅವರ ಸೆಮಿನಾರ್‌ಗಳಲ್ಲಿ ಕೂತಿದ್ದರು, ಆದರೆ ಅಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್‌ಗೆಂದು ಬರೆದ ಪ್ರಬಂಧವನ್ನು ಮಾರ್ಗದರ್ಶಕರಾಗಿದ್ದ ಮಾರ್ಟಿನ್ ಹೋನೆಕರ್ ಒಪ್ಪಲಿಲ್ಲ. ಇತ್ತ ಪುಸ್ತಕ ಬಂದ ವರ್ಷವೇ ನಾಜಿಗಳು ಇನ್ಸ್‌ಬ್ರುಕ್‌ನ ದೇವಶಾಸ್ತ್ರ ವಿಭಾಗವನ್ನು ಮುಚ್ಚಿಸಿದರು. ಇಂಥ ದಿನಗಳಲ್ಲಿ ಒಬ್ಬ ಯುವ ಮೇಷ್ಟ್ರು ಬರೆದ ಪ್ರಾರ್ಥನೆಗಳು ಇವು ಅನ್ನೋದು ನೆನಪಿದ್ದರೆ ಓದಿನ ರುಚಿಯೇ ಬೇರೆ.

ನನಗೆ ತುಂಬಾ ಹತ್ತಿರವಾದದ್ದು ದಿನನಿತ್ಯದ ಬದುಕಿನ ಬಗ್ಗೆ ಇರುವ ಅಧ್ಯಾಯ. ನನ್ನ ಮನಸ್ಸು ಗೋದಾಮಿನಂತಾಗಿದೆ ಅಂತ ರಾನರ್ ದೇವರಿಗೆ ಹೇಳಿಕೊಳ್ಳುತ್ತಾರೆ. ದಿನಾ ಸರಕು ಬಂದು ಬೀಳುತ್ತದೆ, ಯಾವುದು ಬೇಕು ಯಾವುದು ಬೇಡ ಅಂತ ನೋಡುವವರಿಲ್ಲ, ಮೂಲೆಮೂಲೆಯೂ ಭರ್ತಿ. ಇದರಿಂದ ತಪ್ಪಿಸಿಕೊಂಡು ಎಲ್ಲಾದರೂ ಏಕಾಂತಕ್ಕೆ ಹೋದರೆ ಸರಿಹೋದೀತಾ ಅಂದರೆ, ಇಲ್ಲ, ಅಲ್ಲಿಗೂ ಇದೇ ಮನಸ್ಸನ್ನೇ ಹೊತ್ತುಕೊಂಡು ಹೋಗಬೇಕಲ್ಲ. ಹಾಗಾದರೆ ದಾರಿ ಈ ದಿನಚರಿಯ ಒಳಗೇ ಇರಬೇಕು, ಎಲ್ಲದರಲ್ಲೂ ನಿನ್ನನ್ನು ಕಳೆದುಕೊಳ್ಳಬಹುದಾದರೆ ಎಲ್ಲದರಲ್ಲೂ ನಿನ್ನನ್ನು ಕಾಣಲೂ ಸಾಧ್ಯವಾಗಬೇಕು ಅನ್ನುವಲ್ಲಿಗೆ ಅವರು ಬರುತ್ತಾರೆ. ಎಲ್ಲದರಲ್ಲೂ ದೇವರನ್ನು ಕಾಣುವುದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್‌ರಿಂದ ಜೆಸ್ವಿಟರಿಗೆ ಬಂದ ಪಾಠ. ರಾನರ್ ಅದನ್ನು ಬಾಯಿಪಾಠ ಒಪ್ಪಿಸುವುದಿಲ್ಲ, ಬೇಜಾರು, ಆಯಾಸ ಎಲ್ಲವನ್ನೂ ಹೇಳಿಕೊಂಡ ಮೇಲೇ ಅಲ್ಲಿಗೆ ತಲುಪುತ್ತಾರೆ. ಅದಕ್ಕೇ ನಂಬಬೇಕು ಅನ್ನಿಸುತ್ತದೆ.

ಜ್ಞಾನದ ಬಗೆಗಿನ ಅಧ್ಯಾಯ ಪಾಠ ಹೇಳುವವರು ಓದಲೇಬೇಕಾದದ್ದು. ಎಷ್ಟೋ ಕಲಿತೆ, ಅದರಲ್ಲಿ ಎಷ್ಟೋ ಮರೆತೆ, ಬರೀ ತಿಳಿದುಕೊಂಡದ್ದು ಒಳಗೆ ಇಳಿಯಲೇ ಇಲ್ಲ ಅಂತ ಜೀವನವಿಡೀ ಓದಿಗೇ ಕೂತ ಮನುಷ್ಯ ಹೇಳುತ್ತಾನೆ. ತೀರಿಕೊಂಡವರ ಬಗ್ಗೆ ಬರೆದದ್ದಂತೂ ಮನೆಯಲ್ಲಿ ಸಾವು ಕಂಡವರು ಒಂದೇ ಸಲಕ್ಕೆ ಓದಿ ಮುಗಿಸುವುದು ಕಷ್ಟ. ಹೋದವರು ಯಾಕೆ ಒಂದು ಮಾತೂ ಆಡುವುದಿಲ್ಲ, ನಮ್ಮನ್ನು ಮರೆತರಾ ಅನ್ನುವ ಪ್ರಶ್ನೆಯನ್ನು ರಾನರ್ ಸಮಾಧಾನದ ಮಾತಿನಿಂದ ಮುಚ್ಚಿಹಾಕುವುದಿಲ್ಲ. ಸುಮಾರು ಹೊತ್ತು ಅದರ ಜೊತೆಗೇ ಇರುತ್ತಾರೆ.

ಎಲ್ಲ ಅಧ್ಯಾಯವೂ ಇಷ್ಟು ಸಲೀಸಲ್ಲ. ಚರ್ಚಿನ ಕಟ್ಟಳೆಗಳ ಬಗ್ಗೆ, ಪಾದ್ರಿಯಾಗಲು ಬರುವ ದೇವರ ಕರೆಯ ಬಗ್ಗೆ ಇರುವ ಭಾಗಗಳು ಕ್ಯಾಥೊಲಿಕರಲ್ಲದವರಿಗೆ ದೂರ ಅನ್ನಿಸಬಹುದು. ಪ್ರಶ್ನೆಯ ಮೇಲೆ ಪ್ರಶ್ನೆ ಬರುವ ಶೈಲಿಯೂ ಕೆಲವು ಕಡೆ ಜಾಸ್ತಿಯಾಯಿತು. ದಿನಕ್ಕೊಂದು ಅಧ್ಯಾಯದಂತೆ ಓದಿದರೆ ಇದು ಅಷ್ಟಾಗಿ ಕಾಡುವುದಿಲ್ಲ.

ಮುಂದೆ ರಾನರ್ ದೊಡ್ಡ ಹೆಸರು ಮಾಡಿದರು. 1962ರಲ್ಲಿ ರೋಮ್, ಅಂದರೆ ಕ್ಯಾಥೊಲಿಕ್ ಚರ್ಚಿನ ಕೇಂದ್ರ, ಅವರ ಬರಹಗಳಿಗೆ ಮುಂಚಿತವಾಗಿ ಪರಿಶೀಲನೆ ಆಗಬೇಕು ಅಂತ ನಿರ್ಬಂಧ ಹಾಕಿತು, ಅದೇ ವರ್ಷ ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಗೆ ತಜ್ಞರನ್ನಾಗಿಯೂ ನೇಮಿಸಿತು! 1964ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರಜ್ಞ ರೊಮಾನೋ ಗ್ವಾರ್ದಿನಿಯವರ ಪ್ರಾಧ್ಯಾಪಕ ಪೀಠ, 1967ರಲ್ಲಿ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯ, 1971ರಲ್ಲಿ ನಿವೃತ್ತಿ. 1984ರಲ್ಲಿ ಇನ್ಸ್‌ಬ್ರುಕ್‌ನಲ್ಲೇ ತೀರಿಕೊಂಡರು. ನಾಳೆಯ ಕ್ರೈಸ್ತ ದೇವರನ್ನು ಸ್ವತಃ ಅನುಭವಿಸಿದವನಾಗಿರಬೇಕು, ಇಲ್ಲದಿದ್ದರೆ ಅವನು ಉಳಿಯುವುದೇ ಇಲ್ಲ ಅನ್ನುವ ಅವರ ಪ್ರಸಿದ್ಧ ಮಾತಿನ ಬೇರು ಈ ಪುಟಗಳಲ್ಲಿ ಆಗಲೇ ಕಾಣುತ್ತದೆ. ದೇವರು ನಮ್ಮ ಬುದ್ಧಿಗೆ ಪೂರ್ತಿ ಸಿಗದ ರಹಸ್ಯ ಅಂತ ಆ ದಪ್ಪ ಸಂಪುಟಗಳಲ್ಲಿ ವಾದಿಸುವ ಪ್ರೊಫೆಸರ್, ಇಲ್ಲಿ ಅದೇ ರಹಸ್ಯದ ಮುಂದೆ ಕೂತು ಮಾತಾಡುತ್ತಾರೆ. ಇದನ್ನು ಓದಿದ ಮೇಲೆ ಆ ಸಂಪುಟಗಳ ಭಯ ನನಗಂತೂ ಕಡಿಮೆಯಾಯಿತು.

ಕೊಂಡು ಇಟ್ಟುಕೊಳ್ಳಬೇಕಾದ ಪುಸ್ತಕ. ಮೊದಲು ದಿನಚರಿಯ ಅಧ್ಯಾಯ ಓದಿ, ಅದು ಹಿಡಿಸಿದರೆ ಆಮೇಲೆ ಮೊದಲ ಪುಟಕ್ಕೆ ಬನ್ನಿ.