ನಡಿಗೆಗೆ ಪೂರ್ಣಾಂಕ, ಕೂರುವುದಕ್ಕೆ ಸೊನ್ನೆ: ಒಂದು ಪುನಶ್ಚೇತನ ಸೇವೆಯ ವಿಮರ್ಶೆ

ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ವಾರದಿಂದ ಮುಂದಿನ ಆರು ತಿಂಗಳವರೆಗೆ ನಾನು ಒಂದೇ ಪುನಶ್ಚೇತನ ಕೇಂದ್ರದ ಸೇವೆಯನ್ನು ಪಡೆದಿದ್ದೇನೆ. ಮೊದಲ ಹತ್ತು ವಾರ ಅವರ ಫಿಸಿಯೋಥೆರಪಿಸ್ಟ್ ಮನೆಗೇ ಬರುತ್ತಿದ್ದರು, ಅನಂತರ ನಾನೇ ಕೇಂದ್ರಕ್ಕೆ ಹೋಗಿಬರುತ್ತಿದ್ದೆ. ಕೇಂದ್ರದ ಹೆಸರನ್ನು ಬೇಕೆಂದೇ ಬರೆದಿಲ್ಲ. ನನ್ನ ಮುಖ್ಯ ಆಕ್ಷೇಪದ ಬೇರು ಆ ಸಂಸ್ಥೆಯೊಂದರಲ್ಲೇ ಇಲ್ಲ. ಚೇತರಿಕೆ ಎಂದರೆ ನಡಿಗೆ ಎಂದು ರೋಗಿಗಳೂ ಸೇರಿದಂತೆ ನಾವೆಲ್ಲರೂ ಭಾವಿಸಿಕೊಂಡಿರುವುದರಲ್ಲಿ ಇದೆ. ನಡಿಗೆಯನ್ನು ಅವರು ಕಲಿಸಿದ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕೂರುವ ವಿಷಯದಲ್ಲಿ ಮಾತ್ರ ಐದನೆಯ ತಿಂಗಳವರೆಗೆ ಅವರಿಂದ ನನಗೆ ಏನೂ ಸಿಗಲಿಲ್ಲ.

ಪೆಟ್ಟಿನ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಸೇವೆಯ ಗುಣದೋಷಗಳು ಅದನ್ನೇ ಅವಲಂಬಿಸಿವೆ. ಎರಡು ಬದಿಯ ಸೊಂಟದ ಮೂಳೆಗಳೂ ಹಿಂದುಗಡೆ ಬೆನ್ನೆಲುಬಿನ ಬುಡದಲ್ಲಿರುವ ತ್ರಿಕಾಸ್ಥಿಯೂ ಸೇರಿ ಪೆಲ್ವಿಸ್ ಎಂಬ ಒಂದು ಉಂಗುರವಾಗುತ್ತವೆ. ಬಳೆಯನ್ನು ಒಂದೇ ಕಡೆ ಮುರಿಯುವುದು ಹೇಗೆ ಕಷ್ಟವೋ ಹಾಗೆಯೇ ಈ ಉಂಗುರ ಮುಂದೆ ಬಿಟ್ಟುಕೊಂಡರೆ ಸಾಮಾನ್ಯವಾಗಿ ಹಿಂದೆಯೂ ಎಲ್ಲೋ ಬಿಟ್ಟುಕೊಂಡಿರುತ್ತದೆ. ವಾಹನ ಅಪಘಾತದಲ್ಲಿ ನನ್ನ ಮುಂದಿನ ಸಂಧಿ 2.5 ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗಿ ತೆರೆದುಕೊಂಡಿತ್ತು, ತ್ರಿಕಾಸ್ಥಿಯೂ ಸೊಂಟದ ಮೂಳೆಯೂ ಕೂಡುವ ಬಲಬದಿಯ ಸ್ಯಾಕ್ರೋಇಲಿಯಾಕ್ ಕೀಲು ಸಡಿಲವಾಗಿತ್ತು. ಮುಂದೆ ಪ್ಲೇಟು, ಹಿಂದೆ ಉದ್ದನೆಯ ಸ್ಕ್ರೂ ಹಾಕಿ ಎರಡನ್ನೂ ಕೂಡಿಸಿದರು. ಬಲಗಾಲನ್ನು ನೆಲಕ್ಕೆ ತಾಗಿಸಬಹುದು, ಆದರೆ ಹತ್ತು ವಾರ ಅದರ ಮೇಲೆ ಭಾರ ಹಾಕಬಾರದು ಎಂಬ ಸೂಚನೆಯೊಂದಿಗೆ ಮನೆಗೆ ಕಳುಹಿಸಿದರು.

ತಾಗಿಸುವುದಕ್ಕೂ ಭಾರ ಹಾಕುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಆಸ್ಪತ್ರೆಯಲ್ಲಿ ಯಾರೂ ವಿವರಿಸಿರಲಿಲ್ಲ. ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ತೂಕದ ಯಂತ್ರವೊಂದನ್ನು ತಂದು, ಎಡಗಾಲಿನ ಕೆಳಗೆ ಅಷ್ಟೇ ಎತ್ತರದ ಹಲಗೆಯಿಟ್ಟು, ವಾಕರ್ ಹಿಡಿದು ನಿಲ್ಲಿಸಿ, ಬಲಪಾದವನ್ನು ಯಂತ್ರದ ಮೇಲೆ ಸುಮ್ಮನೆ ಇಡಲು ಹೇಳಿದರು. ಪಾದದ ತೂಕವನ್ನಷ್ಟೇ ಇಟ್ಟಿದ್ದೇನೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದಾಗ ಮುಳ್ಳು 30 ಕಿಲೋ ತೋರಿಸುತ್ತಿತ್ತು. ಅದು 10ಕ್ಕಿಂತ ಕೆಳಗೆ ನಿಲ್ಲುವವರೆಗೆ, ಆಮೇಲೆ ಮುಳ್ಳನ್ನು ನೋಡದೆಯೂ ನಿಲ್ಲುವವರೆಗೆ, ಎರಡು ದಿನ ಅದೊಂದನ್ನೇ ಅಭ್ಯಾಸ ಮಾಡಿಸಿದರು. ಹೆದರಿ ಕಾಲನ್ನು ಪೂರ್ತಿ ಗಾಳಿಯಲ್ಲಿ ಎತ್ತಿ ಹಿಡಿದರೆ ಇನ್ನೂ ಕ್ಷೇಮವಲ್ಲವೇ ಎಂದು ಕೇಳಿದೆ. ಹಾಗೆ ಎತ್ತಿ ಹಿಡಿಯಲು ಸೊಂಟದ ಸುತ್ತಲಿನ ಸ್ನಾಯುಗಳು ಬಿಗಿಯಬೇಕಾಗುತ್ತದೆ, ಆ ಬಿಗಿತವೇ ಕೀಲನ್ನು ಒತ್ತುತ್ತದೆ, ಪಾದವನ್ನು ಹಗುರಾಗಿ ನೆಲದ ಮೇಲಿಡುವುದೇ ಮೇಲು ಎಂದು ಅವರು ವಿವರಿಸಿದರು. ಇಷ್ಟು ಸ್ಪಷ್ಟವಾದ ಉತ್ತರ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ವಾಕರಿನ ಹಿಡಿಯನ್ನೂ ಅವರೇ ಸರಿಪಡಿಸಿದರು: ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಅದುವರೆಗೆ ನಾನು ಎರಡು ರಂಧ್ರದಷ್ಟು ಎತ್ತರದಲ್ಲಿ ಹಿಡಿದು ಭುಜ ನೋಯಿಸಿಕೊಳ್ಳುತ್ತಿದ್ದೆ. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ತೊಡೆಯನ್ನು ಬಿಗಿಹಿಡಿದು ಬಿಡುವುದು ಮುಂತಾದ ಹಾಸಿಗೆಯ ವ್ಯಾಯಾಮಗಳಲ್ಲಿ ಹೊಸತೇನೂ ಇರಲಿಲ್ಲ. ಆದರೆ ಪ್ರತಿ ಭೇಟಿಯಲ್ಲೂ ಎರಡು ಮೀನಖಂಡಗಳ ಸುತ್ತಳತೆಯನ್ನು ಟೇಪು ಹಿಡಿದು ಅಳೆಯುತ್ತಿದ್ದರು. ಇಂಥ ಪೆಟ್ಟಿನ ನಂತರ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮೂರನೆಯ ವಾರ ಎಡ ಮೀನಖಂಡ ಊದಿದ್ದನ್ನು ಕಂಡು ಅಂದಿನ ವ್ಯಾಯಾಮವನ್ನೇ ನಿಲ್ಲಿಸಿ, ಆ ದಿನವೇ ಸ್ಕ್ಯಾನ್ ಮಾಡಿಸುವಂತೆ ಪಟ್ಟು ಹಿಡಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ, ಆದರೂ ಆ ಪಟ್ಟಿಗೆ ನಾನು ಋಣಿ.

ಈಗ ಆಕ್ಷೇಪಕ್ಕೆ ಬರುತ್ತೇನೆ. ನನ್ನ ದಾಖಲೆ ಪುಸ್ತಕದಲ್ಲಿ ಎಷ್ಟು ಹೆಜ್ಜೆ ನಡೆದೆ, ಎಷ್ಟು ಮೆಟ್ಟಿಲು ಹತ್ತಿದೆ, ಕಾಲನ್ನು ಎಷ್ಟು ಡಿಗ್ರಿ ಎತ್ತಿದೆ ಎಂಬುದಕ್ಕೆಲ್ಲ ಕಾಲಂಗಳಿದ್ದವು. ಎಷ್ಟು ಹೊತ್ತು ಕುಳಿತೆ ಎಂಬುದಕ್ಕೆ ಇರಲಿಲ್ಲ. ಮೂರನೆಯ ವಾರದಲ್ಲಿ ನನಗೆ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗುತ್ತಿರಲಿಲ್ಲ. ಹೇಳಿಕೊಂಡಾಗ ‘ಅದು ತಾನಾಗಿ ಸರಿಹೋಗುತ್ತದೆ’ ಎಂಬ ಉತ್ತರ ಬಂತು. ಬೆನ್ನೆಲುಬಿನಿಂದ ಇಳಿಯುವ ಮೈಭಾರ ತ್ರಿಕಾಸ್ಥಿಗೆ ಬಂದು, ಎರಡು ಬದಿಯ ಸ್ಯಾಕ್ರೋಇಲಿಯಾಕ್ ಕೀಲುಗಳನ್ನು ಹಾದು, ನಿಂತಾಗ ತೊಡೆಮೂಳೆಗಳಿಗೂ ಕುಳಿತಾಗ ಪೃಷ್ಠದ ಕೆಳಗಿನ ಮೂಳೆಗಳಿಗೂ ಸೇರುತ್ತದೆ ಎಂಬುದು ಪೆಲ್ವಿಸ್‌ನ ರಚನೆ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಅಂದರೆ ಕಾಲಿನ ಮೇಲೆ ಭಾರ ಹಾಕದಿದ್ದ ನಾನು ಕುಳಿತಾಗಲೆಲ್ಲ, ಸ್ಕ್ರೂ ಹಿಡಿದಿದ್ದ ಅದೇ ಕೀಲಿನ ಮೂಲಕ ಮೈಭಾರವನ್ನು ಇಳಿಸುತ್ತಲೇ ಇದ್ದೆ, ಅದೂ ನೋವು ತಪ್ಪಿಸಿಕೊಳ್ಳಲು ಎಡಕ್ಕೆ ವಾಲಿಕೊಂಡು.

ಇದನ್ನು ಇನ್ನಷ್ಟು ಕೆಡಿಸಿದ್ದು ಅವರು ಕೊಟ್ಟ ಮುದ್ರಿತ ಹಾಳೆ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಆ ನಿಯಮ ಕೃತಕ ಕೀಲು ಹಾಕಿಸಿಕೊಂಡವರಿಗೆ, ಅಥವಾ ತೊಡೆಮೂಳೆಯ ಗುಂಡು ಕೂರುವ ಬಟ್ಟಲಿಗೆ ಹಿಂಬದಿಯಿಂದ ಶಸ್ತ್ರಚಿಕಿತ್ಸೆಯಾದವರಿಗೆ ಹೇಳುವಂಥದ್ದು. ನನ್ನ ಬಟ್ಟಲಿಗೆ ಏನೂ ಆಗಿರಲಿಲ್ಲ. ಮೂರು ವಾರ ನಾನು ಹಿಂದಕ್ಕೆ ಒರಗಿಯೇ ಕುಳಿತು, ಬೆನ್ನುನೋವನ್ನು ಹೆಚ್ಚುವರಿಯಾಗಿ ಸಂಪಾದಿಸಿದ ಮೇಲೆ, ಆರನೆಯ ವಾರದ ಎಕ್ಸ್‌ರೇಗೆ ಹೋದಾಗ ಶಸ್ತ್ರವೈದ್ಯರು ನಕ್ಕು ಆ ಹಾಳೆಯನ್ನು ಮಡಚಿ ವಾಪಸು ಕೊಟ್ಟರು. ಎಲ್ಲ ಸೊಂಟದ ರೋಗಿಗಳಿಗೂ ಒಂದೇ ಹಾಳೆ ಹಂಚುವುದು ಒಳ್ಳೆಯ ಸಂಸ್ಥೆಯೊಂದು ಮಾಡಬಾರದ ತಪ್ಪು.

ಪೆಲ್ವಿಸ್ ಮುರಿತದ ಚೇತರಿಕೆಯನ್ನು ಅಳೆಯಲು ಮಜೀದ್ ಎಂಬ ವೈದ್ಯರು 1989ರಲ್ಲಿ ಪ್ರಕಟಿಸಿದ 100 ಅಂಕಗಳ ಮಾಪನವೊಂದು ಬಳಕೆಯಲ್ಲಿದೆಯೆಂದು ನನಗೆ ತಿಳಿದದ್ದು ತೀರ ತಡವಾಗಿ. ಅದರಲ್ಲಿ ನೋವಿಗೆ 30, ಕೆಲಸಕ್ಕೆ 20, ನಿಲ್ಲುವ ಮತ್ತು ನಡೆಯುವ ಶಕ್ತಿಗೆ 36 ಅಂಕಗಳಿದ್ದರೆ, ಕೂರುವುದಕ್ಕೇ ಪ್ರತ್ಯೇಕವಾಗಿ 10 ಅಂಕಗಳಿವೆ. ಉಳಿದ 4 ಲೈಂಗಿಕ ಜೀವನಕ್ಕೆ. ನನಗೆ ಆ ನಾಲ್ಕೂ ಕಡಿಮೆಯೆನಿಸಿತು, ಆದರೆ ಕನಿಷ್ಠ ಪ್ರಶ್ನೆಯಾದರೂ ಅಲ್ಲಿದೆ. ಕೇಂದ್ರದವರು ಮೊದಲ ದಿನ ತುಂಬಿಸಿಕೊಂಡ ಅರ್ಜಿಯಲ್ಲಿ ದಾಂಪತ್ಯದ ಬಗ್ಗೆಯಾಗಲಿ ಮೂತ್ರದ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ. ಮೂತ್ರಕೋಶ, ಮೂತ್ರನಾಳ ಮತ್ತು ಆ ಭಾಗದ ನರಗಳು ಈ ಉಂಗುರದ ಒಳಗೇ ಇರುವುದರಿಂದ ಮೂಳೆಗೆ ಬಿದ್ದ ಪೆಟ್ಟು ಅವುಗಳಿಗೂ ತಟ್ಟಿರುವ ಸಾಧ್ಯತೆ ಸಾಕಷ್ಟಿರುತ್ತದೆ; ರೋಗಿ ಸಂಕೋಚದಿಂದ ಬಾಯಿ ಬಿಡುವುದಿಲ್ಲ, ಆದ್ದರಿಂದ ಕೇಳುವ ಹೊಣೆ ಸೇವೆ ಕೊಡುವವರದ್ದೇ. ನಾನು ನಾಲ್ಕನೆಯ ತಿಂಗಳಲ್ಲಿ ಧೈರ್ಯಮಾಡಿ ಹೇಳಿಕೊಂಡಾಗ ಅವರು ಮುಜುಗರಪಡಲಿಲ್ಲ, ತಕ್ಕ ತಜ್ಞರಿಗೆ ಅಂದೇ ಪತ್ರ ಬರೆದುಕೊಟ್ಟರು. ಅಷ್ಟು ಸಲೀಸಾಗಿ ನಿಭಾಯಿಸಬಲ್ಲವರು ಮೊದಲೇ ಏಕೆ ಕೇಳಲಿಲ್ಲ ಎಂಬುದು ನನಗೆ ಈಗಲೂ ಅರ್ಥವಾಗಿಲ್ಲ.

ಭಾರ ಹಾಕಲು ಅನುಮತಿ ಸಿಕ್ಕಮೇಲಿನ ಭಾಗ ಮತ್ತೆ ಅವರ ಬಲದ ಕ್ಷೇತ್ರ. ಗಾಯ ಪೂರ್ತಿ ಮಾಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಕೊಳಕ್ಕೆ ಇಳಿಸಿದರು. ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ಮೈಭಾರದ ಸುಮಾರು ಮೂರನೆಯ ಒಂದು ಭಾಗ, ಸೊಂಟದ ಮಟ್ಟದಲ್ಲಿ ಸುಮಾರು ಅರ್ಧ; ವಾರ ವಾರಕ್ಕೂ ಆಳ ಕಡಿಮೆಮಾಡುತ್ತ ಬಂದಂತೆ ಭಾರ ತಾನಾಗಿ ಏರುತ್ತದೆ. ಹತ್ತು ವಾರಗಳ ನಂತರ ಮೊದಲ ಬಾರಿಗೆ ಎರಡೂ ಕಾಲುಗಳ ಮೇಲೆ ನಿಂತದ್ದು ಆ ನೀರಿನಲ್ಲಿ, ಆ ಹತ್ತು ನಿಮಿಷಗಳಿಗಾಗಿ ಉಳಿದ ಕೊರತೆಗಳನ್ನು ಅರ್ಧದಷ್ಟು ಮನ್ನಿಸಬಹುದು. ಕೊಳದ ಮೆಟ್ಟಿಲುಗಳಿಗೆ ಒಂದೇ ಬದಿ ಕಂಬಿಯಿದೆ. ಇಳಿಯುವಾಗ ಸರಿಯಾದ ಕೈಗೆ ಸಿಗುವ ಆ ಕಂಬಿ ಹತ್ತುವಾಗ ತಪ್ಪು ಕೈಗೆ ಸಿಗುತ್ತದೆ.

ನೆಲದ ಮೇಲೆ ನಡೆಯುವಾಗ ಬಲಗಾಲು ಊರಿದೊಡನೆ ಎಡಬದಿಯ ಸೊಂಟ ಕುಸಿಯುತ್ತಿತ್ತು. ಊರಿದ ಕಾಲಿನ ಬದಿಯ ಪೃಷ್ಠ ಸ್ನಾಯು ಸೋತಾಗ ಎದುರು ಬದಿ ಹೀಗೆ ಕುಸಿಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ವಿವರಿಸಿದ್ದರು. ಕೇಂದ್ರದವರು ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿ, ಕೋಲನ್ನು ಎಡಗೈಗೆ ಕೊಟ್ಟು, ಕುಸಿತವನ್ನು ನಾನೇ ನೋಡಿ ತಿದ್ದಿಕೊಳ್ಳುವಂತೆ ಮಾಡಿದರು. ಕೋಲು ನೋಯುವ ಕಾಲಿನ ಬದಿಯಲ್ಲೇ ಇರಬೇಕೆಂದು ಮನೆಯವರೆಲ್ಲ ವಾದಿಸಿದ್ದರು, ನಾನೂ ಹಾಗೆಯೇ ತಿಳಿದಿದ್ದೆ.

ಐದನೆಯ ತಿಂಗಳಲ್ಲಿ ನನ್ನ ಫಿಸಿಯೋಥೆರಪಿಸ್ಟ್ ರಜೆಯಲ್ಲಿದ್ದಾಗ ಬಂದ ಇನ್ನೊಬ್ಬರು, ನಾನು ಕಾಯುವ ಬೆಂಚಿನಲ್ಲಿ ವಾಲಿ ಕುಳಿತದ್ದನ್ನು ಕಂಡು, ಮಡಚಿದ ಟವೆಲನ್ನು ಎಡ ಪೃಷ್ಠದ ಕೆಳಗಿಟ್ಟು ಎರಡೂ ಬದಿ ಸಮನಾಗಿ ಒತ್ತುವುದನ್ನು ಹೇಳಿಕೊಟ್ಟರು. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಬೇಕು, ಕುಳಿತ ಹೊತ್ತನ್ನು ಬರೆದಿಡಬೇಕು, ವಾರಕ್ಕೆ ಐದೈದು ನಿಮಿಷ ಹೆಚ್ಚಿಸಬೇಕು ಎಂದು ಕ್ರಮವನ್ನೂ ಹಾಕಿಕೊಟ್ಟರು. ಇಷ್ಟೇ ಉಪಾಯ. ಆರನೆಯ ವಾರಕ್ಕೇ ಯಾರಾದರೂ ಇದನ್ನು ಹೇಳಿದ್ದರೆ ನಾನು ಕೆಲಸಕ್ಕೆ ಮರಳುವುದು ಇಷ್ಟು ತಡವಾಗುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಇಂಥದೇ ಶಸ್ತ್ರಚಿಕಿತ್ಸೆಯಾಗಿ ಇಂಥದೇ ಸೇವೆಯನ್ನು ಹುಡುಕುತ್ತಿರುವವರು ಸೇರುವ ಮುನ್ನ ತಮ್ಮ ಶಸ್ತ್ರವೈದ್ಯರ ಪತ್ರವನ್ನು ಅವರ ಮುಂದಿಟ್ಟು, ಅವರ ವ್ಯಾಯಾಮದ ಹಾಳೆಯಲ್ಲಿ ತಮಗೆ ಅನ್ವಯಿಸದ ಸಾಲು ಯಾವುದೆಂದು ಕೇಳಲಿ, ದಾಖಲೆ ಪುಸ್ತಕದಲ್ಲಿ ಕೂರುವುದಕ್ಕೆ ಕಾಲಂ ಇಲ್ಲದಿದ್ದರೆ ಪೆನ್ನಿನಿಂದ ತಾವೇ ಒಂದು ಗೆರೆ ಎಳೆದುಕೊಳ್ಳಲಿ.