ಅಚ್ಚುಮೊಳೆ ಜೋಡಿಸಿ ‘ಇಂದಿರಾಬಾಯಿ’ ಓದಿದ ನಮ್ಮ ಮಕ್ಕಳು

ನಾನು ಮಂಗಳೂರಿನಲ್ಲಿ ಒಂಬತ್ತನೇ ಕ್ಲಾಸಿಗೆ ಕನ್ನಡ ಪಾಠ ಮಾಡುತ್ತೇನೆ. ಪಠ್ಯದ ಹೊರಗೆ ಒಂದು ಹಳೇ ಕಾದಂಬರಿ ಓದಿಸೋಣ ಅಂತ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಆರಿಸಿದ್ದೆ. 1899ರದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರಾದದ್ದು, ಅದೂ ನಮ್ಮೂರಿನಲ್ಲೇ ಬಾಸೆಲ್ ಮಿಷನ್‌ನವರು ಪ್ರಕಟಿಸಿದ್ದು. ಆದರೆ ಆ ಕಾಲದ ಕನ್ನಡ ಮಕ್ಕಳಿಗೆ ಹತ್ತಲಿಲ್ಲ. ಎರಡು ಪುಟಕ್ಕೇ ಆಕಳಿಕೆ.

ಆಗ ನೆನಪಾದದ್ದು ರಥಬೀದಿ ಕಡೆಯ ಒಂದು ಹಳೇ ಪ್ರೆಸ್. ಈಗ ಅಲ್ಲಿ ಆಫ್‌ಸೆಟ್ ಕೆಲಸವೇ ಜಾಸ್ತಿ, ಆದರೂ ಮೊಳೆ (ಒಂದೊಂದು ಅಕ್ಷರದ ಸೀಸದ ಅಚ್ಚು) ಪೆಟ್ಟಿಗೆಗಳನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ಕೇಳಿದರೆ ಶಾಲೆಗೇ ತಂದು ಮಕ್ಕಳ ಕೈಯಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿಸುತ್ತಾರೆ. ಅರ್ಧ ದಿನಕ್ಕೆ 1500 ರೂಪಾಯಿ, ರಿಕ್ಷಾ ಬಾಡಿಗೆ ಬೇರೆ.

ಮೊದಲು ಪುಸ್ತಕದ ಹೆಸರು. ‘ಇಂದಿರಾಬಾಯಿ’ ಬೇಗ ಆಯಿತು. ಅದರ ಇನ್ನೊಂದು ಹೆಸರು ‘ಸದ್ಧರ್ಮವಿಜಯವು’, ಕಷ್ಟ ಶುರುವಾದದ್ದು ಅಲ್ಲಿ. ಸ್ಟಿಕ್‌ನಲ್ಲಿ, ಅಂದರೆ ಮೊಳೆ ಸಾಲಾಗಿ ಕೂರಿಸುವ ಕೈತಟ್ಟೆಯಲ್ಲಿ, ಮೊಳೆಗಳನ್ನು ಎಡದಿಂದ ಬಲಕ್ಕೇ ಜೋಡಿಸಬೇಕು, ಆದರೆ ಅಕ್ಷರ ತಲೆಕೆಳಗಾಗಿ ಕೂರುತ್ತದೆ. ಒಬ್ಬ ಹುಡುಗ ‘ರ್ಮ’ಕ್ಕೆ ಅರ್ಕಾವತ್ತನ್ನು ಮೊದಲು ಇಟ್ಟು ಆಮೇಲೆ ‘ಮ’ ಇಟ್ಟ. ಬಾಯಲ್ಲಿ ಹಾಗೇ ತಾನೇ ಬರುವುದು! ಮೊಳೆ ಜೋಡಿಸುವ ಹಿರಿಯರು ಅವನ ಬೆರಳು ಹಿಡಿದು, “ಹೇಳುವಾಗ ಮುಂದೆ, ಬರೆಯುವಾಗ ಹಿಂದೆ ಮಗಾ. ಅರ್ಕಾವತ್ತು ಹಾಗೇ ಉಂಟು,” ಅಂದರು. ಒತ್ತಕ್ಷರದ ಬಗ್ಗೆ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಹೇಳಿದ್ದು ಆ ಒಂದು ಮೊಳೆಯಷ್ಟು ನಾಟಿರಲಿಲ್ಲ.

ಆಮೇಲೆ ಕಥಾನಾಯಕಿ ಇಂದಿರಾ ಮನೆ ಬಿಟ್ಟು ಅಮೃತರಾಯರ ಆಶ್ರಯಕ್ಕೆ ಹೋಗುವ ಭಾಗದಿಂದ ಗುಂಪಿಗೊಂದು ಸಾಲು ಕೊಟ್ಟೆ. ಒಂದೊಂದು ಅಕ್ಷರಕ್ಕೂ ಪೆಟ್ಟಿಗೆಯಲ್ಲಿ ಕೈಯಾಡಿಸಬೇಕಲ್ವಾ, ಹಾಗಾಗಿ ಯಾರಿಗೂ ಸಾಲು ಹಾರಿಸಿ ಓದಲು ಆಗಲಿಲ್ಲ. ‘ವಿಧವೆ’ ಅನ್ನುವ ಪದಕ್ಕೆ ಮೂರು ಮೊಳೆ ಇಟ್ಟ ಹುಡುಗಿ ಕೈ ನಿಲ್ಲಿಸಿ, “ಟೀಚರ್, ಇವಳಿಗೆ ನಮ್ಮಷ್ಟೇ ಪ್ರಾಯವಾ?” ಅಂತ ಕೇಳಿದಳು. ನಾನು ಹೇಳಲಿಲ್ಲ, ಹಿಂದಿನ ಅಧ್ಯಾಯ ನೋಡು ಅಂದೆ. ನಾಲ್ಕೈದು ಜನ ತಾವಾಗಿಯೇ ಪುಸ್ತಕ ತೆರೆದರು, ಅದೂ ಬೆಲ್ ಆದ ಮೇಲೆ! ನನಗೆ ಬೇಕಿದ್ದದ್ದು ಇದೇ.

ಕೊರತೆಗಳೂ ಇವೆ. 38 ಮಕ್ಕಳಿಗೆ ತಂದದ್ದು ನಾಲ್ಕೇ ಸ್ಟಿಕ್, ಹಿಂದಿನ ಬೆಂಚಿನವರು ಸುಮ್ನೆ ಕಾದರು. ‘ಳ’ ಮೊಳೆಗಳು ಸವೆದು ಹೋಗಿವೆ, ಅಚ್ಚಿನಲ್ಲಿ ಮಸಿ ಮುದ್ದೆಯಾಗಿ ಕಾಣುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಮೊಳೆಯಲ್ಲೇ ಅಚ್ಚಾದದ್ದು ಅಂತ ಪ್ರೆಸ್ಸಿನವರು ಮಕ್ಕಳಿಗೆ ಹೇಳಿದರು. 1843ರಲ್ಲಿ ಅದು ಬಂದದ್ದು ಕಲ್ಲಚ್ಚಿನಲ್ಲಿ (ಮೊಳೆ ಇಲ್ಲದೆ, ಕಲ್ಲಿನ ಮೇಲೆ ಬರೆದು ಒತ್ತುವುದು), ಅದನ್ನು ಆಮೇಲೆ ನಾನೇ ತಿದ್ದಬೇಕಾಯಿತು. ಎಲ್ಲಕ್ಕಿಂತ ಮುಖ್ಯ, ಮೊಳೆಯಲ್ಲಿ ಸೀಸ ಇದೆ, ಆದರೆ ಕೈ ತೊಳೆಯುವ ಮಾತನ್ನು ಅವರು ಎತ್ತಲೇ ಇಲ್ಲ. ಸೋಪು ಹಾಕಿ ಕೈ ತೊಳೆಸದೆ ಮಕ್ಕಳಿಗೆ ಬುತ್ತಿ ಬಿಚ್ಚಲು ಬಿಡಬೇಡಿ.

ಇಷ್ಟಾದರೂ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಕರೆಸುವುದಾದರೆ ಒಂದು ಇಡೀ ದಿನಕ್ಕೆ ಕೇಳಿ, ಸ್ಟಿಕ್ ಹತ್ತಾದರೂ ತರಲು ಮೊದಲೇ ಹೇಳಿ. ಮಳೆಗಾಲ ಬೇಡ. ನಮ್ಮದು ಜುಲೈಯಲ್ಲಿ ಆಗಿ ಕಾಗದವೆಲ್ಲ ತೇವ ಹಿಡಿದಿತ್ತು, ಮಸಿ ಒಣಗಲು ಮರುದಿನದವರೆಗೆ ಕಾಯಬೇಕಾಯಿತು.